ಕಾರಿನ ಆಯುಸ್ಸು, ನಕ್ಷೆಯ ಆಯುಸ್ಸು

ತಮ್ಮ: ಅಕ್ಕ, ಯಾವ ಕಾರು ಅನ್ನುವುದು ತೀರ್ಮಾನವಾಯಿತು. ಉಳಿದಿರುವುದು ಒಂದೇ ಗೊಂದಲ. ನ್ಯಾವಿಗೇಷನ್ ಇರುವ ಪ್ಯಾಕೇಜನ್ನೇ ತಗೊಳ್ಳಿ ಅಂತ ಷೋರೂಮಿನವರು ಹಿಂದೆ ಬಿದ್ದಿದ್ದಾರೆ. ಅದಕ್ಕೆ ಒಂದೂವರೆ ಸಾವಿರ ಡಾಲರಿಗೂ ಮೇಲಾಗುತ್ತದೆ. ಗಾಜಿಗೆ ಅಂಟಿಸಿಕೊಳ್ಳುವ ಜಿಪಿಎಸ್ ಪೆಟ್ಟಿಗೆ ಇನ್ನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ಅಷ್ಟೊಂದು ದುಡ್ಡು ಸುರಿದು ಹೊಸ ಕಾರು ತಂದು, ಗಾಜಿಗೊಂದು ಡಬ್ಬಿ, ಡಬ್ಬಿಗೊಂದು ವೈರು ಜೋತುಹಾಕುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಕಂಪನಿಯವರೇ ಕೂರಿಸಿದ್ದು ಕಾರು ಇರುವಷ್ಟು ದಿನ ಕಾರಿನ ಜೊತೆಗೇ ಇರುತ್ತದೆ ಅಲ್ಲವೇ?

ಅಕ್ಕ: ಕಾರು ಇರುವಷ್ಟು ದಿನ ಇರುತ್ತದೆ ಎನ್ನುವುದೇ ನನ್ನ ತಕರಾರು. ದುಡ್ಡಿನ ಲೆಕ್ಕ ಆಮೇಲಿರಲಿ, ಮೊದಲು ಆಯುಸ್ಸಿನ ಲೆಕ್ಕ ಹಾಕು. ನೀನಿರುವ ಅಮೆರಿಕದಲ್ಲಿ ರಸ್ತೆಯ ಮೇಲಿರುವ ಕಾರುಗಳ ಸರಾಸರಿ ವಯಸ್ಸು 2024ರಲ್ಲಿ 12.6 ವರ್ಷ. ಸರಾಸರಿಯೇ ಅಷ್ಟಿದೆ ಎಂದರೆ ಹದಿನೈದು, ಇಪ್ಪತ್ತು ವರ್ಷ ಓಡಿದ ಕಾರುಗಳು ಎಷ್ಟೋ ಇವೆ. ನೀನು ಮಾರಿದ ಮೇಲೂ ನಿನ್ನ ಕಾರು ಇನ್ನೊಬ್ಬರ ಕೈಯಲ್ಲಿ ಓಡುತ್ತಲೇ ಇರುತ್ತದೆ. ಅದರೊಳಗಿನ ನಕ್ಷೆಯ ಗತಿ ಬೇರೆ. ಒಂದು ಊರಿಗೆ ಬೈಪಾಸ್ ಬಂದರೆ, ಹೆದ್ದಾರಿಯ ಒಂದು ಎಕ್ಸಿಟ್ ಮುಚ್ಚಿದರೆ, ಎರಡು ದಿಕ್ಕಿನ ರಸ್ತೆ ಒನ್‌ವೇ ಆದರೆ, ವರ್ಷ ತುಂಬುವುದರೊಳಗೆ ನಕ್ಷೆ ಹಳತಾಯಿತು. ಆ ನಕ್ಷೆಯನ್ನು ಓದುವ ಚಿಪ್ಪು, ಮೆಮೊರಿ, ಸಾಫ್ಟ್‌ವೇರ್ ಇವುಗಳ ಕಾಲ ನಾಲ್ಕೈದು ವರ್ಷ. ಅಷ್ಟರಲ್ಲಿ ಅವು ಕೆಟ್ಟು ನಿಲ್ಲುತ್ತವೆ ಅಂತಲ್ಲ, ಸುತ್ತಲಿನ ಜಗತ್ತು ಅವುಗಳನ್ನು ಹಿಂದೆ ಬಿಟ್ಟು ಹೋಗಿರುತ್ತದೆ. ಒಂದು ವರ್ಷ ಬಾಳುವುದು, ಐದು ವರ್ಷ ಬಾಳುವುದು, ಹದಿನೈದು ವರ್ಷ ಬಾಳುವುದು, ಈ ಮೂರನ್ನೂ ಬಿಚ್ಚಲಾಗದಂತೆ ಒಟ್ಟಿಗೆ ಹೊಲಿದುಬಿಟ್ಟರೆ ಮೊದಲು ಸಾಯುವುದು ಉಳಿದೆರಡನ್ನೂ ಕೆಡಿಸುತ್ತದೆ. ನಮ್ಮ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆದು ವರ್ಷ ವರ್ಷವೂ ಹೊಸ ಕ್ಯಾಲೆಂಡರ್ ನೇತುಹಾಕುತ್ತಾರೆ. ಕ್ಯಾಲೆಂಡರನ್ನೇ ಗಾರೆಯಲ್ಲಿ ಕೊರೆಸುವುದಿಲ್ಲ. ಕಾರಿನಲ್ಲಿಯೂ ಮೊಳೆ ಯಾವುದು, ಕ್ಯಾಲೆಂಡರ್ ಯಾವುದು ಎಂದು ಬೇರೆ ಮಾಡಿ ನೋಡಬೇಕು.

ಇದು ಬರೀ ತರ್ಕದ ಮಾತಲ್ಲ, ನಲವತ್ತು ವರ್ಷಗಳಿಂದ ನಡೆದುಬಂದಿರುವುದೇ ಇದು. 1981ರಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ಎಲೆಕ್ಟ್ರೋ ಗೈರೊಕೇಟರ್ ಎಂಬ ಯಂತ್ರವನ್ನು ಕಾರಿನಲ್ಲಿ ಇಟ್ಟು ಮಾರಿತು. ಕಾರಿಗೆ ಜಿಪಿಎಸ್ ಎಂಬುದೇ ಇಲ್ಲದ ಕಾಲ ಅದು. ಕಾರು ಎತ್ತ ತಿರುಗಿತು ಎಂಬುದನ್ನು ಅನಿಲದ ಗೈರೊಸ್ಕೋಪ್ ಅಳೆಯುತ್ತಿತ್ತು. ನಕ್ಷೆ ಪಾರದರ್ಶಕ ಫಿಲ್ಮಿನ ಹಾಳೆಯ ಮೇಲಿರುತ್ತಿತ್ತು, ಊರು ದಾಟಿದರೆ ಹಾಳೆ ಬದಲಿಸಬೇಕಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಇಟ್ಯಾಕ್ ಕಂಪನಿ ನಕ್ಷೆಯನ್ನು ಕ್ಯಾಸೆಟ್ ಟೇಪಿಗೆ ಇಳಿಸಿತು. ಲಾಸ್ ಏಂಜಲೀಸ್ ಸುತ್ತಮುತ್ತಲ ಪ್ರದೇಶಕ್ಕೇ ಹಲವು ಕ್ಯಾಸೆಟ್ ಬೇಕಾಗುತ್ತಿದ್ದವು. 1987ರಲ್ಲಿ ಟೊಯೊಟಾದ ಕ್ರೌನ್ ಕಾರಿಗೆ ಸಿಡಿ ಬಂತು. 1990ರಲ್ಲಿ ಮಾಜ್ದಾದ ಯೂನೋಸ್ ಕಾಸ್ಮೊ ಕಾರಿನಲ್ಲಿ ಜಿಪಿಎಸ್ಸೇ ಬಂತು. ಅಮೆರಿಕದಲ್ಲಿ 1995ರ ಓಲ್ಡ್ಸ್‌ಮೊಬೀಲ್ ಗೈಡ್‌ಸ್ಟಾರ್‌ಗೆ ಸುಮಾರು ಎರಡು ಸಾವಿರ ಡಾಲರ್ ಹೆಚ್ಚಿಗೆ ಕೊಡಬೇಕಿತ್ತು. ಆಮೇಲೆ ಡಿವಿಡಿ, ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡು. ಇವೆಲ್ಲ ತಮ್ಮ ಕಾಲದಲ್ಲಿ ದೊಡ್ಡ ಸಾಧನೆಗಳೇ, ಅವನ್ನು ಕಟ್ಟಿದ ಎಂಜಿನಿಯರುಗಳ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಪ್ರತಿ ಸಲವೂ ಕಾರಿನ ಎಂಜಿನ್ ಗಟ್ಟಿಮುಟ್ಟಾಗಿ ಓಡುತ್ತಿರುವಾಗಲೇ ಡ್ಯಾಶ್‌ಬೋರ್ಡಿನೊಳಗಿನ ಯಂತ್ರ ಕೆಲಸಕ್ಕೆ ಬಾರದಂತಾಯಿತು. ಡಿವಿಡಿ ಕಾಲದ ಕಾರುಗಳಿಗೆ ಹೊಸ ನಕ್ಷೆ ಬೇಕೆಂದರೆ ಡಿಸ್ಕಿಗೆ ಇನ್ನೂರು ಡಾಲರಿನ ಹತ್ತಿರ ಕೇಳುತ್ತಿದ್ದರು. ಅಂದರೆ ಒಳಗಿನದರ ನಕ್ಷೆ ಬದಲಿಸುವ ಬೆಲೆಗೆ ಹೊರಗಿನ ಯಂತ್ರವೇ ಹೊಸದು ಬರುತ್ತಿತ್ತು.

ತಮ್ಮ: ಆದರೆ ಕಂಪನಿಯವರು ಕೂರಿಸಿದ್ದು ಹೆಚ್ಚು ನಿಖರ ಅಂತಾರೆ. ಗಾಜಿಗೆ ಅಂಟಿಸಿದ ಡಬ್ಬಿ ಸುರಂಗದೊಳಗೆ ಹೋದ ತಕ್ಷಣ ಸಿಗ್ನಲ್ ಇಲ್ಲ ಅಂತ ಕೈಚೆಲ್ಲುತ್ತದೆ. ಒಳಗಿನದಕ್ಕೆ ಆ ತೊಂದರೆ ಇಲ್ಲವಂತೆ. ಇದು ಮಾರುವವರ ಮಾತೋ ನಿಜವೋ?

ಅಕ್ಕ: ನಿಜವೇ, ಇದನ್ನು ತಳ್ಳಿಹಾಕುವ ಹಾಗಿಲ್ಲ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವುದು ನಕ್ಷೆಯೂ ಅಲ್ಲ, ದಾರಿಯೂ ಅಲ್ಲ, ಬರೀ ಸಮಯ ಮತ್ತು ಉಪಗ್ರಹ ಇರುವ ಜಾಗ. 'ನಾನು ಇಂಥ ಉಪಗ್ರಹ, ಇಂಥ ಜಾಗದಲ್ಲಿದ್ದೇನೆ, ಈಗ ನನ್ನ ಗಡಿಯಾರದಲ್ಲಿ ಇಷ್ಟು ಗಂಟೆ' ಎಂದು ಪ್ರತಿಯೊಂದೂ ಹೇಳುತ್ತಲೇ ಇರುತ್ತದೆ. ಸಂಕೇತ ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂದು ಅಳೆದು ರಿಸೀವರ್ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಆದ್ದರಿಂದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ 300 ಮೀಟರ್ ಆಚೆಯ ಬೀದಿಗೆ ಹೋಗಿ ನಿಲ್ಲುತ್ತೀಯ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ನಿನ್ನ ಡಬ್ಬಿಯಲ್ಲಿರುವುದು ಅಗ್ಗದ ಗಡಿಯಾರ. ಅದರ ತಪ್ಪನ್ನೂ ಕಂಡುಹಿಡಿದು ಕಳೆಯಬೇಕಾದ್ದರಿಂದ ಮೂರರ ಬದಲು ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಸುರಂಗದಲ್ಲಿ ಒಂದೂ ಕಾಣುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಕಂಡರೂ ಸಂಕೇತ ಗೋಡೆಗೆ ಬಡಿದು ಬಳಸಿ ಬರುತ್ತದೆ, ದೂರ ಹೆಚ್ಚಾಗಿ ಕಾಣುತ್ತದೆ, ಬಾಣದ ಗುರುತು ಪಕ್ಕದ ರಸ್ತೆಗೆ ಜಾರುತ್ತದೆ. ಕಂಪನಿಯವರು ಕೂರಿಸಿದ ವ್ಯವಸ್ಥೆಗೆ ಇಲ್ಲಿ ಎರಡು ಬೆಂಬಲಗಳಿವೆ. ಒಂದು, ಚಕ್ರ ಎಷ್ಟು ಸುತ್ತು ತಿರುಗಿತು ಎಂಬ ಲೆಕ್ಕ ಕಾರಿನಿಂದಲೇ ಸಿಗುತ್ತದೆ. ಇನ್ನೊಂದು, ಎತ್ತ ತಿರುಗಿತು ಎಂಬುದನ್ನು ಒಳಗಿನ ಗೈರೊ ಹೇಳುತ್ತದೆ. ಆಕಾಶ ಕಾಣದಿದ್ದರೂ ಕೊನೆಯದಾಗಿ ಕಂಡ ಜಾಗದಿಂದ ಇಷ್ಟು ಮುಂದೆ, ಇಷ್ಟು ಎಡಕ್ಕೆ ಎಂದು ಎಣಿಸುತ್ತಾ ಹೋಗುತ್ತದೆ. ಮೇಲಾಗಿ ಅದರ ಆಂಟೆನಾ ಸಾಮಾನ್ಯವಾಗಿ ಕಾರಿನ ನೆತ್ತಿಯ ಮೇಲಿರುತ್ತದೆ. ಬಿಸಿಲು ತಡೆಯಲು ಲೋಹದ ತೆಳು ಲೇಪ ಕೊಟ್ಟ ಮುಂಗಾಜಿನ ಹಿಂದೆ ಕುಳಿತ ಡಬ್ಬಿಗೆ ಸಂಕೇತ ಬಡಕಲಾಗಿಯೇ ಬರುತ್ತದೆ.

ಬಾಸ್ಟನ್ ನಗರದ ಕೆಳಗೆ ಟಿಪ್ ಓನೀಲ್ ಸುರಂಗ ಸುಮಾರು ಎರಡೂವರೆ ಕಿಲೋಮೀಟರ್ ಉದ್ದವಿದೆ, ದಾರಿಗಳು ಕವಲೊಡೆಯುವುದು ಸುರಂಗದ ಒಳಗೇ. ಷಿಕಾಗೋದ ಲೋವರ್ ವ್ಯಾಕರ್ ರಸ್ತೆ ಇನ್ನೊಂದು ರಸ್ತೆಯ ಅಡಿಯಲ್ಲೇ ಹಾದುಹೋಗುತ್ತದೆ. ಇಂಥ ಕಡೆ ಬಾಣ ನಿಂತುಹೋದರೆ ಎಕ್ಸಿಟ್ ಕೈತಪ್ಪುತ್ತದೆ. ನಮ್ಮ ಬೆಂಗಳೂರಿನಲ್ಲೂ ಇದೇ ಕಷ್ಟ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಹೆಚ್ಚುಕಡಿಮೆ ಹತ್ತು ಕಿಲೋಮೀಟರಿನ ಮೇಲ್ಸೇತುವೆಯಲ್ಲಿ ಕಾರು ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವುದು ಉಪಗ್ರಹಕ್ಕೆ ಸುಲಭವಲ್ಲ. ನೆಲದ ಮೇಲಿನ ಜಾಗವನ್ನು ಹೇಳುವಷ್ಟು ಚೆನ್ನಾಗಿ ಎತ್ತರವನ್ನು ಜಿಪಿಎಸ್ ಹೇಳಲಾರದು. ಕಾರಿನ ಸ್ವಂತ ಸಂವೇದಕಗಳು ಅಲ್ಲಿ ಏರುದಾರಿ ಹತ್ತಿದ್ದನ್ನು ಗುರುತಿಸಬಲ್ಲವು. ಆದ್ದರಿಂದ ಚಕ್ರದ ಲೆಕ್ಕ, ಗೈರೊ, ನೆತ್ತಿಯ ಆಂಟೆನಾ ಕಾರಿನಲ್ಲಿ ಇರಲೇಬೇಕು ಎನ್ನುವುದಕ್ಕೆ ನಾನೂ ಒಪ್ಪುತ್ತೇನೆ. ಅವು ಬೇಗ ಹಳತಾಗುವ ವಸ್ತುಗಳಲ್ಲ, ಕಾರಿನಷ್ಟೇ ದಿನ ಬಾಳುತ್ತವೆ. ಅವು ಮೊಳೆ. ಆದರೆ ಷೋರೂಮಿನವರು ನಿನಗೆ ಮಾರುತ್ತಿರುವುದು ಅವನ್ನಲ್ಲ. ಇವತ್ತಿನ ಕಾರುಗಳಲ್ಲಿ ಚಕ್ರದ ಲೆಕ್ಕ ಬ್ರೇಕಿನ ಎಬಿಎಸ್ ವ್ಯವಸ್ಥೆಗೇ ಬೇಕು, ಕಾರು ಅಡ್ಡಾದಿಡ್ಡಿ ಜಾರದಂತೆ ಹಿಡಿಯುವ ವ್ಯವಸ್ಥೆಗೂ ಬೇಕು. ನೀನು ಪ್ಯಾಕೇಜ್ ತಗೊಂಡರೂ ಬಿಟ್ಟರೂ ಅವು ಇದ್ದೇ ಇರುತ್ತವೆ. ನೀನು ಹೆಚ್ಚಿಗೆ ದುಡ್ಡು ಕೊಡುತ್ತಿರುವುದು ಕ್ಯಾಲೆಂಡರಿಗೆ.

ತಮ್ಮ: ಹಾಗಾದರೆ ಡಬ್ಬಿ ತಗೊಂಡವರೇನು ಸುಖವಾಗಿದ್ದಾರಾ? 'ಜೀವಮಾನವಿಡೀ ನಕ್ಷೆ ಉಚಿತ' ಅಂತ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿ, ಆಮೇಲೆ ಹಳೆಯ ಮಾದರಿಗಳಿಗೆ ನಕ್ಷೆ ನಿಲ್ಲಿಸಿದ್ದಾರೆ ಅಂತ ಓದಿದ್ದೆ. ಎರಡೂ ಹಳತಾಗುತ್ತವೆ ಅಂದಮೇಲೆ ನೋಡಲು ಚೆಂದವಾಗಿ ಕೂತಿರುವುದನ್ನೇ ತಗೊಳ್ಳಬಹುದಲ್ಲ.

ಅಕ್ಕ: ನೀನು ಓದಿದ್ದು ಸರಿಯೇ. 2018ರಲ್ಲಿ ನೆದರ್ಲೆಂಡ್ಸಿನ ಟಾಮ್‌ಟಾಮ್ ಕಂಪನಿ ಜೀವಮಾನದ ನಕ್ಷೆ ಕೊಡುತ್ತೇವೆಂದು ಮಾರಿದ್ದ ಕೆಲವು ಹಳೆಯ ಮಾದರಿಗಳಿಗೆ ಇನ್ನು ನಕ್ಷೆ ಬರುವುದಿಲ್ಲ ಎಂದು ಹೇಳಿತು. ಆ ಮೆಮೊರಿಯಲ್ಲಿ ಹೊಸ ನಕ್ಷೆ ಹಿಡಿಸುತ್ತಿರಲಿಲ್ಲ, ಚಿಪ್ಪಿಗೂ ಅಷ್ಟು ಶಕ್ತಿ ಇರಲಿಲ್ಲ. ದುಡ್ಡು ಕೊಟ್ಟವರಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಆ ಸಿಟ್ಟಿನ ಆಚೆ ಒಮ್ಮೆ ನೋಡು. ಡಬ್ಬಿ ಸತ್ತಾಗ ಅದನ್ನು ಎತ್ತಿಟ್ಟು ಬೇರೆ ತಂದರು. ಕಾರಿಗೆ ಏನೂ ಆಗಲಿಲ್ಲ, ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ಸಹ ಬಿಚ್ಚಬೇಕಾಗಲಿಲ್ಲ. ಒಳಗಿನದು ಸತ್ತರೆ ಏನಾಗುತ್ತದೆ ಎಂಬುದಕ್ಕೆ 2022ರ ಜನವರಿ 1ರಂದು ಎಲ್ಲರಿಗೂ ಕಾಣುವ ಸಾಕ್ಷಿ ಸಿಕ್ಕಿತು. ನ್ಯಾವಿಗೇಷನ್ ಇದ್ದ ಹಲವು ಹಳೆಯ ಹೋಂಡಾ ಮತ್ತು ಅಕ್ಯುರಾ ಕಾರುಗಳ ಗಡಿಯಾರ ಅವತ್ತು 2002ಕ್ಕೆ ಹಿಂದಕ್ಕೆ ಹೋಯಿತು. ಕಾರಿನವರು ಎಷ್ಟು ಸಲ ಸರಿಮಾಡಿದರೂ ಅದು ಮತ್ತೆ ತಪ್ಪು ಗಂಟೆಗೇ ಮರಳುತ್ತಿತ್ತು. ಆಗಸ್ಟಿನಲ್ಲಿ ತಾನಾಗಿಯೇ ಸರಿಹೋಗುತ್ತದೆ ಎಂಬ ಉತ್ತರ ಕಂಪನಿಯಿಂದ ಬಂತು, ಅಂದರೆ ಏಳೆಂಟು ತಿಂಗಳು ಕಾಯಬೇಕು. ತಿಳಿದವರು ಬೊಟ್ಟು ಮಾಡಿದ್ದು ಜಿಪಿಎಸ್ಸಿನ ವಾರದ ಎಣಿಕೆಯ ಕಡೆಗೆ. 1980ರ ಜನವರಿ 6ರಿಂದ ಈ ವ್ಯವಸ್ಥೆ ವಾರಗಳನ್ನು ಎಣಿಸುತ್ತಾ ಬಂದಿದೆ. ಎಣಿಕೆಗೆ ಇಟ್ಟ ಜಾಗ ಹತ್ತು ಬಿಟ್ ಮಾತ್ರ, ಆದ್ದರಿಂದ 1,024 ವಾರಕ್ಕೊಮ್ಮೆ ಅದು ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಒಮ್ಮೆ ಹಾಗೆ ಬಂತು. ರಿಸೀವರಿನ ಸಾಫ್ಟ್‌ವೇರ್ ಬರೆದವರು ಇದಕ್ಕೆ ತಮ್ಮದೇ ಪರಿಹಾರ ಬರೆದಿಟ್ಟಿರುತ್ತಾರೆ, ಆ ಪರಿಹಾರಕ್ಕೂ ಒಂದು ಗಡುವು ಇರುತ್ತದೆ. ಈ ದೋಷ ಹೊರಗಿನ ಡಬ್ಬಿಗಳಿಗೂ ಬಂದಿದೆ, ಅವುಗಳಿಗೇನೂ ವರವಿಲ್ಲ. ಆದರೆ ಡಬ್ಬಿಯನ್ನು ಬದಲಿಸಬಹುದು, ಡ್ಯಾಶ್‌ಬೋರ್ಡಿನ ಗಡಿಯಾರ ದಿನಾ ಬೆಳಿಗ್ಗೆ ಕಣ್ಣೆದುರೇ ತಪ್ಪು ತೋರಿಸುತ್ತಿರುತ್ತದೆ.

ಇನ್ನೊಂದು ಪೆಟ್ಟು ಅದೇ ವರ್ಷ ಬಿತ್ತು. ಅಮೆರಿಕದ ದೊಡ್ಡ ಮೊಬೈಲ್ ಕಂಪನಿಗಳು 2022ರಲ್ಲಿ ಒಂದರ ಹಿಂದೊಂದು 3ಜಿ ಜಾಲವನ್ನು ಮುಚ್ಚಿದವು. ಜನ ಅಷ್ಟರಲ್ಲಿ ಫೋನುಗಳನ್ನು ಬದಲಿಸಿಕೊಂಡಿದ್ದರು, ಕಾರಿನೊಳಗೆ ಬೆಸುಗೆ ಹಾಕಿ ಕೂರಿಸಿದ್ದ 3ಜಿ ಮೋಡೆಮನ್ನು ಯಾರು ಬದಲಿಸುತ್ತಾರೆ? ಆಗಿನ್ನೂ ನಾಲ್ಕೈದು ವರ್ಷದ ಹೊಸದಾಗಿದ್ದ ಕೆಲವು ಕಾರುಗಳಲ್ಲೂ ಟ್ರಾಫಿಕ್ ಮಾಹಿತಿ, ಅಪಘಾತವಾದಾಗ ತಾನಾಗಿ ಹೋಗುವ ತುರ್ತು ಕರೆ ಮುಂತಾದವು ನಿಂತುಹೋದವು. ನಕ್ಷೆಗೆ ನಿರಂತರ ಆರೈಕೆ ಬೇಕು ಎಂಬುದು ಕಾರು ಮಾಡುವವರಿಗೇ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದಿದ್ದರೆ 2015ರಲ್ಲಿ ಆಡಿ, ಬಿಎಂಡಬ್ಲ್ಯು, ಡೈಮ್ಲರ್ ಮೂರೂ ಸೇರಿ ನೋಕಿಯಾದಿಂದ ಹಿಯರ್ ಎಂಬ ನಕ್ಷೆಯ ಕಂಪನಿಯನ್ನು 280 ಕೋಟಿ ಯೂರೋ ಕೊಟ್ಟು ಕೊಳ್ಳುತ್ತಿರಲಿಲ್ಲ. ಅಂಥ ಆರೈಕೆಯ ವಸ್ತುವನ್ನು ಒಮ್ಮೆ ಕೊಟ್ಟು ಮುಗಿಸುವ ಬಿಡಿಭಾಗದ ಹಾಗೆ ಗ್ರಾಹಕರಿಗೆ ಮಾರುವುದು ನನಗೆ ಸರಿಕಾಣುವುದಿಲ್ಲ. ವರ್ಷ ವರ್ಷವೂ ಚಂದಾ ಕೇಳುವುದಾದರೆ ಅದನ್ನು ಕೊಳ್ಳುವ ದಿನವೇ ಬಾಯಿಬಿಟ್ಟು ಹೇಳಬೇಕು.

ತಮ್ಮ: ಸುರಕ್ಷತೆ? ಗಾಜಿಗೆ ಅಂಟಿಸಿದ್ದು ಮುಂದಿನ ನೋಟಕ್ಕೆ ಅಡ್ಡ ಬರುತ್ತದೆ. ಬಿಸಿಲಿಗೆ ಸಕ್ಷನ್ ಕಪ್ ಸಡಿಲವಾಗಿ ಓಡಿಸುವಾಗಲೇ ಕಾಲಬುಡಕ್ಕೆ ಬೀಳಬಹುದು. ಕಂಪನಿಯವರು ಹತ್ತಾರು ಪರೀಕ್ಷೆ ಮಾಡಿಯೇ ಪರದೆ ಕೂರಿಸಿರುತ್ತಾರೆ.

ಅಕ್ಕ: ಪರದೆ ಕೂರಿಸುವುದನ್ನು ಪರೀಕ್ಷೆ ಮಾಡಿರುತ್ತಾರೆ, ಸರಿ. ಅದರೊಳಗೆ ವಿಳಾಸ ಬರೆಯುವ ಕ್ರಮವನ್ನೂ ಅಷ್ಟೇ ಅಕ್ಕರೆಯಿಂದ ಮಾಡಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎಯ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದವರು 2017ರಲ್ಲಿ ಹೊಸ ಕಾರುಗಳ ಪರದೆಗಳನ್ನು ಪರೀಕ್ಷಿಸಿದರು. ರೇಡಿಯೊ ಹಚ್ಚುವುದು, ಫೋನ್ ಮಾಡುವುದು, ಸಂದೇಶ ಕಳಿಸುವುದು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ನ್ಯಾವಿಗೇಷನ್ನಿಗೆ ವಿಳಾಸ ಹಾಕುವುದು, ಸರಾಸರಿ 40 ಸೆಕೆಂಡು. ಗಂಟೆಗೆ 40 ಕಿಲೋಮೀಟರಿನ ನಿಧಾನ ವೇಗದಲ್ಲೂ ಅಷ್ಟು ಹೊತ್ತಿಗೆ ಕಾರು 440 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅಷ್ಟು ದೂರವೂ ಚಾಲಕರ ಗಮನ ಅರ್ಧ ರಸ್ತೆಯ ಮೇಲೆ, ಅರ್ಧ ಅಕ್ಷರಗಳ ಮೇಲೆ. ಮರುವರ್ಷ ಅದೇ ಸಂಸ್ಥೆ ಕಾರು ಕಂಪನಿಗಳ ಸ್ವಂತ ವ್ಯವಸ್ಥೆಯನ್ನು ಫೋನಿನಿಂದ ನಡೆಯುವ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊಗಳ ಜೊತೆ ಹೋಲಿಸಿತು. ಎಲ್ಲವೂ ಗಮನ ಸೆಳೆಯುತ್ತವೆ, ಯಾವುದೂ ನಿರಪಾಯಕಾರಿಯಲ್ಲ. ಆದರೆ ದಾರಿ ಹಾಕುವ ಕೆಲಸ ಫೋನಿನ ವ್ಯವಸ್ಥೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬೇಗ ಮುಗಿಯಿತು. ಕಾರಣ ಊಹಿಸಬಹುದು. ಫೋನಿನ ಸಾಫ್ಟ್‌ವೇರನ್ನು ಕೋಟ್ಯಂತರ ಜನ ದಿನಾ ಬಳಸುತ್ತಾರೆ, ತಿಂಗಳು ತಿಂಗಳೂ ತಿದ್ದಿ ಕಳಿಸುತ್ತಾರೆ. ಕಾರಿನದನ್ನು ಕಾರು ಕಾರ್ಖಾನೆ ಬಿಡುವುದಕ್ಕೆ ಎರಡು ಮೂರು ವರ್ಷ ಮೊದಲೇ ಬರೆದು ಮುಗಿಸಿರುತ್ತಾರೆ.

ಗಾಜಿನ ವಿಷಯದಲ್ಲಿ ನಿನ್ನ ಭಯ ಸಕಾರಣವೇ, ಅದಕ್ಕೆ ಕಾನೂನೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 2009ರಿಂದ ಜಿಪಿಎಸ್ ಅಂಟಿಸಲು ಮುಂಗಾಜಿನ ಎರಡೇ ಮೂಲೆ. ಚಾಲಕರ ಪಕ್ಕದವರ ಕಡೆಯ ಕೆಳಮೂಲೆಯಲ್ಲಿ ಏಳು ಇಂಚಿನ ಚೌಕ, ಇಲ್ಲವೇ ಚಾಲಕರ ಕಡೆಯ ಕೆಳಮೂಲೆಯಲ್ಲಿ ಐದು ಇಂಚಿನ ಚೌಕ, ಅದೂ ಏರ್‌ಬ್ಯಾಗ್ ಉಬ್ಬುವ ಜಾಗ ಬಿಟ್ಟು. ಆ ಐದು ಇಂಚಿನೊಳಗೆ ಸರಿಯಾಗಿ ಕೂತ ಡಬ್ಬಿ, ಗೇರಿನ ಹತ್ತಿರ ಕೆಳಗೆ ಕೂರಿಸಿದ ಪರದೆಗಿಂತ ಕಣ್ಣಿಗೆ ಹತ್ತಿರ. ನೋಟ ರಸ್ತೆಯಿಂದ ಇಳಿಯುವ ಕೋನ ಕಡಿಮೆ. ಇನ್ನು ಕಳ್ಳತನ. ಈ ಒಂದರಲ್ಲಿ ಒಳಗಿನದೇ ಮೇಲು, ಅದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಡಬ್ಬಿಗಳು ದುಬಾರಿಯಾಗಿದ್ದ ಕಾಲದಲ್ಲಿ ಕಾರಿನ ಗಾಜು ಒಡೆದು ಅವನ್ನು ಕದಿಯುವುದು ಬ್ರಿಟನ್ನಿನಲ್ಲಿ ಎಷ್ಟು ಹೆಚ್ಚಿತೆಂದರೆ, ಡಬ್ಬಿ ತೆಗೆದಿಟ್ಟರೆ ಸಾಲದು, ಗಾಜಿನ ಮೇಲೆ ಉಳಿಯುವ ಸಕ್ಷನ್ ಕಪ್ಪಿನ ಉಂಗುರದ ಗುರುತನ್ನೂ ಒರೆಸಿ ಹೋಗಿ ಎಂದು ಪೊಲೀಸರು ಹೇಳಬೇಕಾಯಿತು.

ತಮ್ಮ: ನೀನು ಹೇಳುವುದನ್ನೆಲ್ಲ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಜೇಬಿನಲ್ಲೇ ಫೋನಿದೆ, ಅದರಲ್ಲೇ ನಕ್ಷೆ ಇದೆ, ಬಿಟ್ಟಿಯಾಗಿ. ಹಾಗಿದ್ದಮೇಲೆ ಡಬ್ಬಿ ಯಾಕೆ ಬೇಕು, ಪ್ಯಾಕೇಜ್ ಯಾಕೆ ಬೇಕು?

ಅಕ್ಕ: ಫೋನು ಡಬ್ಬಿಯ ವಾರಸುದಾರ. ಡಬ್ಬಿ ಹುಟ್ಟಿದ್ದೇ ಕಾರಿನಿಂದ ನಕ್ಷೆಯನ್ನು ಬಿಡಿಸಿಕೊಳ್ಳುವುದಕ್ಕೆ. ಮೊದಲೆಲ್ಲ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರಿನವರೆಗೂ ತಪ್ಪಬಹುದಾದ್ದರಿಂದ ಯಾವ ಬೀದಿ ಎಂದು ಖಚಿತವಾಗಿ ಹೇಳಲಾಗುತ್ತಿರಲಿಲ್ಲ, ಆ ಕೊರತೆ ತುಂಬಲು ಕಾರಿನ ಚಕ್ರದ ಲೆಕ್ಕವೇ ಬೇಕಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಿಂದ ಆ ಕೆಡಿಸುವಿಕೆ ನಿಂತಿತು. ಸ್ವತಂತ್ರ ಡಬ್ಬಿಗೆ ನಿಜವಾದ ಜೀವ ಬಂದದ್ದು ಆಗ. 2004ರಲ್ಲಿ ಟಾಮ್‌ಟಾಮ್ ಗೋ ಬಂತು, ಮರುವರ್ಷ ಗಾರ್ಮಿನ್ನಿನ ನೂವಿ ಬಂತು, ನಾಲ್ಕೈದು ವರ್ಷದಲ್ಲಿ ಬೆಲೆ ಕುಸಿದು ಎಲ್ಲರ ಕೈಗೆಟುಕಿತು. 2009ರ ಅಕ್ಟೋಬರ್ 28ರಂದು ಗೂಗಲ್ ತಿರುವು ತಿರುವಿಗೂ ದಾರಿ ಹೇಳುವ ನಕ್ಷೆಯನ್ನು ಆಂಡ್ರಾಯ್ಡ್ ಫೋನುಗಳಿಗೆ ಬಿಟ್ಟಿಯಾಗಿ ಕೊಡುವುದಾಗಿ ಹೇಳಿತು. ಅವತ್ತೇ ಗಾರ್ಮಿನ್, ಟಾಮ್‌ಟಾಮ್ ಷೇರುಗಳು ದೊಪ್ಪನೆ ಬಿದ್ದವು. ನಕ್ಷೆ ಹಳತಾಗುವ ಸಮಸ್ಯೆಗೆ ಫೋನು ಕೊಟ್ಟ ಉತ್ತರ ಪೂರ್ತಿಯಾದದ್ದು, ಬೆಳಿಗ್ಗೆ ಮುಚ್ಚಿದ ರಸ್ತೆ ಮಧ್ಯಾಹ್ನಕ್ಕೆ ನಕ್ಷೆಯಲ್ಲಿ ಕಾಣುತ್ತದೆ. ಚಿಪ್ಪಿನ ವಿಷಯದಲ್ಲೂ ಹಾಗೆಯೇ. ಯುರೋಪಿನ ಗೆಲಿಲಿಯೊ ಉಪಗ್ರಹಗಳು 2016ರ ಕೊನೆಗೆ ಸೇವೆ ಶುರುಮಾಡಿದವು. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳಿಗೆ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಕೇಂದ್ರವಿದೆ. 2023ರಲ್ಲಿ ಬಂದ ಐಫೋನ್ 15 ಪ್ರೊ ಆ ನಾವಿಕ್ ಸಂಕೇತವನ್ನೂ ಹಿಡಿಯುತ್ತದೆ. 2012ರಲ್ಲಿ ಡ್ಯಾಶ್‌ಬೋರ್ಡಿನೊಳಗೆ ಬೆಸೆದ ರಿಸೀವರಿಗೆ ಈ ಹೊಸ ಉಪಗ್ರಹಗಳು ತಲೆಯ ಮೇಲೇ ಹಾದುಹೋದರೂ ಅವುಗಳ ಮಾತು ಅರ್ಥವಾಗುವುದಿಲ್ಲ.

ಆದರೂ ಡಬ್ಬಿಯ ಕೆಲಸ ಮುಗಿದಿಲ್ಲ. ನೀನಿರುವುದು ಅಮೆರಿಕದ ಪಶ್ಚಿಮದಲ್ಲಿ. ರಾಷ್ಟ್ರೀಯ ಉದ್ಯಾನಗಳ ಒಳಗೆ ಹೊಕ್ಕರೆ ಗಂಟೆಗಟ್ಟಲೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ಸರಿ, ಮರೆತಿದ್ದರೆ ಖಾಲಿ ಚೌಕಗಳ ಮೇಲೆ ನೀಲಿ ಚುಕ್ಕೆ ಮಾತ್ರ ಕಾಣುತ್ತದೆ. ಡಬ್ಬಿಯಲ್ಲಿ ಇಡೀ ದೇಶದ ನಕ್ಷೆ ಒಳಗೇ ಇರುತ್ತದೆ. ಬಿಸಿಲೂ ಒಂದು ಕಾರಣ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎಂದು ಅದನ್ನು ಮಾಡಿದ ಕಂಪನಿಯೇ ಹೇಳುತ್ತದೆ. ಜುಲೈ ತಿಂಗಳ ಮರುಭೂಮಿಯಲ್ಲಿ ಗಾಜಿನ ಹಿಂದೆ ಕೂತು ಚಾರ್ಜ್ ಆಗುತ್ತಲೇ ದಾರಿ ತೋರಿಸುವ ಫೋನು ಕಾದು ಮಂಕಾಗುತ್ತದೆ, ಕೊನೆಗೆ ತಾನಾಗಿ ಆರಿಹೋಗುತ್ತದೆ. ಅಂಥ ಜಾಗದಲ್ಲಿ ಯಾವ ಯಂತ್ರವನ್ನೂ ಕಣ್ಣುಮುಚ್ಚಿ ನಂಬಬೇಡ ಎಂಬುದನ್ನು ಒತ್ತಿ ಹೇಳುತ್ತೇನೆ. ಡೆತ್ ವ್ಯಾಲಿಯಲ್ಲಿ 2009ರ ಬೇಸಿಗೆಯಲ್ಲಿ ತಾಯಿ ಮತ್ತು ಪುಟ್ಟ ಮಗ ನಿರ್ಜನ ದಾರಿಯಲ್ಲಿ ಸಿಕ್ಕಿಕೊಂಡರು, ಮಗು ಉಳಿಯಲಿಲ್ಲ. ಎಷ್ಟೋ ವರ್ಷದ ಹಿಂದೆ ಜನ ಓಡಾಡುವುದನ್ನು ಬಿಟ್ಟ ಗಣಿ ದಾರಿಗಳು ಆಗಿನ ನಕ್ಷೆಗಳಲ್ಲಿ ಇನ್ನೂ ರಸ್ತೆಗಳಾಗಿಯೇ ಉಳಿದಿದ್ದವು. ಅವನ್ನು ತೆಗೆಸಲು ಉದ್ಯಾನದ ರೇಂಜರುಗಳೇ ನಕ್ಷೆಯ ಕಂಪನಿಗಳ ಬೆನ್ನುಹತ್ತಬೇಕಾಯಿತು. ಉಪಗ್ರಹ ಜಾಗವನ್ನು ಸರಿಯಾಗಿಯೇ ಹೇಳುತ್ತದೆ, ಆ ಜಾಗದಲ್ಲಿ ರಸ್ತೆ ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ನಕ್ಷೆ. ನಕ್ಷೆಯನ್ನು ಬದಲಿಸಲು ಸುಲಭವಾಗಿರಬೇಕು ಎಂದು ನಾನು ಇಷ್ಟು ಹಟ ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತಮ್ಮ: ನಾನು ನೋಡಿರುವ ಎರಡು ಕಾರುಗಳಲ್ಲಿ ಒಂದು ಎಲೆಕ್ಟ್ರಿಕ್. ಅದಕ್ಕೂ ಇದೇ ಮಾತೇ? ಅದರ ನ್ಯಾವಿಗೇಷನ್ನಿಗೆ ಬ್ಯಾಟರಿ ಎಷ್ಟಿದೆ ಅಂತ ಗೊತ್ತು. ಫೋನಿಗೆ ಗೊತ್ತಿಲ್ಲ, ಡಬ್ಬಿಗಂತೂ ಗೊತ್ತೇ ಇಲ್ಲ.

ಅಕ್ಕ: ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡುವ ಪ್ರಶ್ನೆ ಇದೇ. ಪೆಟ್ರೋಲ್ ಕಾರಿನಲ್ಲಿ ದಾರಿ ಬೇರೆ, ಇಂಧನ ಬೇರೆ. ಎಲೆಕ್ಟ್ರಿಕ್ ಕಾರಿನಲ್ಲಿ ಎರಡೂ ಒಂದೇ ಲೆಕ್ಕ. ಮುಂದೆ ಘಟ್ಟ ಇದೆ, ಎದುರು ಗಾಳಿ ಇದೆ, ಚಳಿಗೆ ಹೀಟರ್ ಹಾಕಿದ್ದಾರೆ, ಇಷ್ಟು ಚಾರ್ಜ್ ಉಳಿಯುತ್ತದೆ, ಆದ್ದರಿಂದ ಇಂಥ ಊರಿನಲ್ಲಿ ನಿಲ್ಲಬೇಕು ಎಂದು ಹೇಳಲು ಬ್ಯಾಟರಿಯ ಒಳಗುಟ್ಟು ಗೊತ್ತಿರಬೇಕು. ತಣ್ಣಗಿರುವ ಬ್ಯಾಟರಿ ಬೇಗ ಚಾರ್ಜ್ ಆಗುವುದಿಲ್ಲ. ಟೆಸ್ಲಾ ಕಾರಿನಲ್ಲಿ ಸೂಪರ್‌ಚಾರ್ಜರನ್ನು ಗುರಿಯಾಗಿ ಹಾಕಿದರೆ ಅಲ್ಲಿ ತಲುಪುವಷ್ಟರಲ್ಲಿ ಬ್ಯಾಟರಿಯನ್ನು ಹದವಾಗಿ ಬಿಸಿ ಮಾಡಿಟ್ಟುಕೊಳ್ಳುತ್ತದೆ. ಹೊರಗಿನಿಂದ ತಂದು ಅಂಟಿಸಿದ ಡಬ್ಬಿ ಇದನ್ನು ಮಾಡಲಾರದು. ಜನರಲ್ ಮೋಟರ್ಸ್ 2023ರಲ್ಲಿ ತನ್ನ ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಇರುವುದಿಲ್ಲ ಎಂದು ಹೇಳಿದಾಗ ಕೊಟ್ಟ ಕಾರಣಗಳಲ್ಲಿ ಇಂಥ ಹೊಂದಾಣಿಕೆಯೂ ಒಂದು. ಆದ್ದರಿಂದ ಎಲೆಕ್ಟ್ರಿಕ್ ಕಾರಾದರೆ ದೂರದ ಪ್ರಯಾಣಕ್ಕೆ ಕಾರಿನದೇ ನ್ಯಾವಿಗೇಷನ್ ಬಳಸು, ಅದರಲ್ಲಿ ಅನುಮಾನ ಬೇಡ. ಆದರೆ ಇದನ್ನು ಪ್ರಕೃತಿಯ ನಿಯಮ ಎಂದು ಒಪ್ಪಲು ನಾನು ತಯಾರಿಲ್ಲ. ಫೋರ್ಡಿನ ಮಸ್ಟಾಂಗ್ ಮ್ಯಾಕ್-ಇ, ಪೋರ್ಷೆಯ ಟೈಕಾನ್ ಕಾರುಗಳು ಬ್ಯಾಟರಿಯ ಮಾಹಿತಿಯನ್ನು ಫೋನಿನ ನಕ್ಷೆಗೆ ದಾಟಿಸುತ್ತವೆ. ಎಲ್ಲಿ ನಿಂತು ಚಾರ್ಜ್ ಮಾಡಬೇಕೆಂದು ಫೋನಿನ ನಕ್ಷೆಯೇ ಹೇಳುತ್ತದೆ. ಬ್ಯಾಟರಿ ಎಷ್ಟಿದೆ ಎಂಬ ಮಾಹಿತಿ ಕಾರು ಕೊಂಡವರದು. ಅದನ್ನು ಅವರು ಆರಿಸಿಕೊಂಡ ನಕ್ಷೆಗೆ ಕೊಡಲು ತಂತ್ರಜ್ಞಾನ ಅಡ್ಡಿಯಿಲ್ಲ, ಕಂಪನಿಗೆ ಮನಸ್ಸಿರಬೇಕು ಅಷ್ಟೆ.

ತಮ್ಮ: ಸದ್ಯಕ್ಕೆ ಪೆಟ್ರೋಲ್ ಕಾರಿನ ಕಡೆಗೇ ವಾಲಿದ್ದೇನೆ. ನಾಳೆ ಷೋರೂಮಿನಲ್ಲಿ ಏನು ಹೇಳಲಿ? ಪ್ಯಾಕೇಜ್ ಬೇಡ ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಪರದೆಯೇ ಇರುವುದಿಲ್ಲವೇನೋ ಅನ್ನುವ ಅಳುಕಿದೆ.

ಅಕ್ಕ: ಪರದೆ ಇದ್ದೇ ಇರುತ್ತದೆ. 2018ರ ಮೇ 1ರಿಂದ ಅಮೆರಿಕದ ಮಾರುಕಟ್ಟೆಗೆ ತಯಾರಾಗುವ ಪ್ರತಿ ಹೊಸ ಕಾರಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ. ಕ್ಯಾಮೆರಾ ತೋರಿಸಿದ್ದನ್ನು ನೋಡಲು ಪರದೆ ಬೇಕಲ್ಲ. ಆ ಪರದೆಗೆ ಕಡಿಮೆ ಬೆಲೆಯ ಮಾದರಿಯಲ್ಲೂ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಬರುತ್ತದೆಯೇ ಎಂದು ಕೇಳು. ಬಹಳಷ್ಟು ಕಾರುಗಳಲ್ಲಿ ಬರುತ್ತದೆ. ಫೋನನ್ನು ಹಚ್ಚಿದಾಗ ಕಾರಿನ ಆಂಟೆನಾ, ಚಕ್ರದ ವೇಗ ಇವುಗಳ ಮಾಹಿತಿ ಫೋನಿಗೆ ಸಿಗುತ್ತದೆಯೇ ಎಂದೂ ಕೇಳು. ಅಲ್ಲಿರುವವರಿಗೆ ಗೊತ್ತಿಲ್ಲದಿದ್ದರೆ ಟೆಸ್ಟ್ ಡ್ರೈವಿನಲ್ಲಿ ಯಾವುದಾದರೂ ಸುರಂಗದೊಳಗೆ ಓಡಿಸಿ ಬಾಣ ಮುಂದಕ್ಕೆ ಸರಿಯುತ್ತದೆಯೋ ನಿಲ್ಲುತ್ತದೆಯೋ ನೋಡು. ಪ್ಯಾಕೇಜಿಗೆ ಕೊಡಬೇಕಾಗಿದ್ದ ದುಡ್ಡು ಕೈಯಲ್ಲಿ ಉಳಿಯುತ್ತದೆ. ಉದ್ಯಾನಗಳ ಕಡೆ ಹೋಗುವುದು ಹೆಚ್ಚೆಂದು ಅನಿಸಿದರೆ ಅದರಲ್ಲೇ ಒಂದು ಡಬ್ಬಿ ತಗೋ, ಊರೊಳಗೆ ಅದನ್ನು ಗ್ಲೋವ್ ಬಾಕ್ಸಿನಲ್ಲಿಡು. ಅದರಲ್ಲಿ 'ಮನೆ' ಎಂದು ನಿನ್ನ ಮನೆಯ ವಿಳಾಸ ಹಾಕಬೇಡ. ಕಾರಿನಲ್ಲೇ ಗ್ಯಾರೇಜ್ ಬಾಗಿಲಿನ ರಿಮೋಟ್ ಇರುತ್ತದೆ, ಕದ್ದವನಿಗೆ ವಿಳಾಸವೂ ಸಿಕ್ಕರೆ ದಾರಿ ಹೇಳಿಕೊಟ್ಟಂತೆ. ಎರಡು ಬೀದಿ ಆಚೆಯ ಪೆಟ್ರೋಲ್ ಬಂಕಿನ ವಿಳಾಸ ಹಾಕು. ಅಲ್ಲಿಂದ ಮನೆಗೆ ನಿನಗೆ ದಾರಿ ಗೊತ್ತೇ ಇದೆ.